ಕಾಲುವೆ ನೀರು, ಅನ್ಯದೇಶದ ಜಲಚರಗಳು ಮತ್ತು ನಮ್ಮ ವ್ಯಾಪಾರ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ವರ್ತಕರು ಒಂದೆಡೆ ಸೇರಿದಾಗ ಮಾತು ಎಲ್ಲಿಂದ ಆರಂಭವಾದರೂ ಕೊನೆಗೆ ನೀರಿನ ವಿಷಯಕ್ಕೇ ಬಂದು ನಿಲ್ಲುತ್ತದೆ. ಕಡಲೆಕಾಯಿ ಧಾರಣೆ, ಹುಣಸೆಹಣ್ಣಿನ ಆವಕ, ದಾಳಿಂಬೆ ತೋಟದ ಸಾಲ, ಅಡಿಕೆಯ ಫಸಲು ಎಲ್ಲಕ್ಕೂ ಮೂಲ ಅದೇ. ಹೇಮಾವತಿಯಿಂದ ಎಷ್ಟು ಬಿಟ್ಟರು, ಎತ್ತಿನಹೊಳೆ ಎಂದಿಗೆ ಬರುತ್ತದೆ, ಭದ್ರಾ ಮೇಲ್ದಂಡೆಯ ಕಾಮಗಾರಿ ಎಲ್ಲಿಗೆ ಬಂತು ಎಂಬ ಪ್ರಶ್ನೆಗಳನ್ನು ನಾವು ಕೇಳುತ್ತಲೇ ಇದ್ದೇವೆ. ಕೇಳಬೇಕಾದದ್ದೇ. ಆದರೆ ಆ ನೀರಿನ ಜೊತೆಯಲ್ಲಿ ಇನ್ನೇನು ಬರುತ್ತದೆ ಎಂಬ ಪ್ರಶ್ನೆಯನ್ನು ನಾನು ಹೋದ ಯಾವ ಸಭೆಯಲ್ಲಿಯೂ ಒಬ್ಬರೂ ಎತ್ತಿದ್ದನ್ನು ಕೇಳಿಲ್ಲ. ನಾನೂ ಎತ್ತಿರಲಿಲ್ಲ. ಈ ಲೇಖನದ ಮೂಲಕ ಆ ಪ್ರಶ್ನೆಯನ್ನು ಸದಸ್ಯರ ಮುಂದಿಡಬಯಸುತ್ತೇನೆ.

ವಿಷಯದ ಮೊದಲ ಪಾಠವನ್ನು ಜಗತ್ತಿಗೆ ಕಲಿಸಿದ್ದು ಸೂಯೆಜ್ ಕಾಲುವೆ. 1869ರ ನವೆಂಬರಿನಲ್ಲಿ ಅದು ತೆರೆದಾಗ ಮುಂಬಯಿಯಿಂದ ಲಂಡನ್ನಿಗೆ ಹೋಗುವ ಸರಕಿಗೆ ಆಫ್ರಿಕವನ್ನು ಸುತ್ತುವ ಪ್ರಯಾಸ ತಪ್ಪಿತು. ಹತ್ತಿಯ ವ್ಯಾಪಾರವೂ ಮಸಾಲೆಯ ವ್ಯಾಪಾರವೂ ಬೆಳೆದವು. ಅದೇ ದಾರಿಯನ್ನು ಕೆಂಪು ಸಮುದ್ರದ ಜೀವಿಗಳೂ ಹಿಡಿದವು. ಕಾಲುವೆಯ ನಡುವೆ ಇದ್ದ ಕಹಿ ಸರೋವರಗಳ ವಿಪರೀತ ಉಪ್ಪು ಆರಂಭದಲ್ಲಿ ಅವುಗಳಿಗೆ ಅಡ್ಡಗೋಡೆಯಾಗಿತ್ತು. ವರ್ಷಗಳು ಕಳೆದಂತೆ ಆ ಉಪ್ಪು ಕರಗಿ ಗೋಡೆ ಬಿದ್ದುಹೋಯಿತು. ಈವರೆಗೆ ನಾನೂರಕ್ಕೂ ಹೆಚ್ಚು ಜಾತಿಯ ಜೀವಿಗಳು ಹೀಗೆ ಮೆಡಿಟರೇನಿಯನ್ ಸಮುದ್ರವನ್ನು ಸೇರಿವೆಯೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಕಾಲುವೆಯನ್ನು ಕಟ್ಟಿಸಿದ ಫರ್ಡಿನೆಂಡ್ ಡಿ ಲೆಸೆಪ್ಸ್‌ನ ಹೆಸರಿನಲ್ಲಿಯೇ ಈ ವಲಸೆಯನ್ನು ಕರೆಯುವ ರೂಢಿಯಿದೆ. ಪಾಪ, ಆತ ಹಡಗುಗಳನ್ನು ದಾಟಿಸಲು ಹೊರಟವನು. ಅಲ್ಲಿಗೆ ಬಂದ ಅಂಬಲಿ ಮೀನುಗಳ ಹಿಂಡು ಇಸ್ರೇಲಿನ ವಿದ್ಯುತ್ ಸ್ಥಾವರಗಳ ನೀರು ಸೇದುವ ಬಾಯಿಗಳನ್ನೇ ಮುಚ್ಚಿಬಿಡುತ್ತದೆ. 2003ರಲ್ಲಿ ಟರ್ಕಿಯ ತೀರದಲ್ಲಿ ಮೊದಲು ಕಂಡ ಒಂದು ವಿಷದ ಬುಡ್ಡೆ ಮೀನು ಇಂದು ಪೂರ್ವ ಮೆಡಿಟರೇನಿಯನ್ನಿನ ಬೆಸ್ತರ ಬಲೆಗಳನ್ನು ಹಲ್ಲಿನಿಂದ ಕತ್ತರಿಸುತ್ತಿದೆ. ಅದನ್ನು ಮಾರುವಂತಿಲ್ಲ, ತಿಂದರೆ ಪ್ರಾಣಕ್ಕೇ ಸಂಚಕಾರ.

ಅಮೆರಿಕ ಮತ್ತು ಕೆನಡಾ ದೇಶಗಳ ನಡುವಣ ಮಹಾ ಸರೋವರಗಳ ಕಥೆ ವ್ಯಾಪಾರಿಗಳಾದ ನಮಗೆ ಇನ್ನೂ ಹತ್ತಿರದ್ದು. ನಯಾಗರ ಜಲಪಾತವನ್ನು ಬಳಸಿ ಹಡಗುಗಳು ಮೇಲೇರಲೆಂದು ತೋಡಿದ ವೆಲ್ಯಾಂಡ್ ಕಾಲುವೆಯ ಮೂಲಕ ಲ್ಯಾಂಪ್ರೆ ಎಂಬ, ರಕ್ತ ಹೀರುವ ಹಾವಿನಾಕಾರದ ಪ್ರಾಣಿ ಒಳನುಗ್ಗಿತು. 1921ರಲ್ಲಿ ಅದು ಈರಿ ಸರೋವರದಲ್ಲಿ ಕಂಡಿತು. 1938ರ ಹೊತ್ತಿಗೆ ಕೊನೆಯದಾದ ಸುಪೀರಿಯರ್ ಸರೋವರವನ್ನೂ ಮುಟ್ಟಿತ್ತು. ವರ್ಷಕ್ಕೆ ಸುಮಾರು ಒಂದೂವರೆ ಕೋಟಿ ಪೌಂಡಿನಷ್ಟು ದೊರೆಯುತ್ತಿದ್ದ ಟ್ರೌಟ್ ಮೀನು 1960ರ ದಶಕದ ಆರಂಭಕ್ಕೆ ಮೂರು ಲಕ್ಷ ಪೌಂಡಿಗೆ ಇಳಿಯಿತು. ಉಭಯ ದೇಶಗಳೂ ಒಪ್ಪಂದ ಮಾಡಿಕೊಂಡು 1955ರಲ್ಲಿ ಒಂದು ಆಯೋಗವನ್ನೇ ಸ್ಥಾಪಿಸಬೇಕಾಯಿತು. ಆ ಪ್ರಾಣಿಯ ನಿಯಂತ್ರಣಕ್ಕೆ ಇಂದಿಗೂ ಪ್ರತಿವರ್ಷ ಹಣ ಸುರಿಯುತ್ತಿದ್ದಾರೆ. ಕಾಲುವೆ ತೋಡಿದ ವೆಚ್ಚ ಒಮ್ಮೆ ಮುಗಿಯಿತು, ಲ್ಯಾಂಪ್ರೆಯ ವೆಚ್ಚ ಮುಗಿದಿಲ್ಲ.

ಇದೆಲ್ಲ ಹಡಗಿನ ಮಾತು. ಸಮುದ್ರದಿಂದ ಇನ್ನೂರು ಕಿಲೋಮೀಟರಿಗೂ ಆಚೆ, ಬಂಡೆಬೆಟ್ಟಗಳ ನಡುವೆ ಮಳೆಗಾಗಿ ಆಕಾಶ ನೋಡುತ್ತಿರುವ ನಮಗೆ ಇದರಿಂದ ಏನಾಗಬೇಕು ಎಂದು ಓದುಗರು ಕೇಳಿದರೆ ತಪ್ಪಲ್ಲ. ಹಡಗು ಸಾಗುವ ಕಾಲುವೆ ನಮ್ಮಲ್ಲಿಲ್ಲ. ಆದರೆ ಸೇರದ ನೀರನ್ನು ಸೇರಿಸುವ ಕೆಲಸವನ್ನು ಸೂಯೆಜ್ ಮಾಡಿದಂತೆಯೇ ನಮ್ಮ ಕಾಲುವೆಗಳೂ ಮಾಡುತ್ತಿವೆ. ಅಲ್ಲಿ ಎರಡು ಸಮುದ್ರ, ಇಲ್ಲಿ ನಾಲ್ಕು ನದಿ.

ನಮ್ಮ ಸೀಮೆಯ ಭೂಗೋಳವನ್ನು ಒಮ್ಮೆ ನೆನಪಿಸಿಕೊಳ್ಳೋಣ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿಗಳನ್ನು ಹಾದು ಆಂಧ್ರದ ಗಡಿಯಾಚೆ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಆ ಪಿನಾಕಿನಿಯೇ ಪಾವಗಡದ ನಾಗಲಮಡಿಕೆಯನ್ನು ಮುಟ್ಟಿ ಮುಂದೆ ಪೆನ್ನಾ ಎನಿಸಿಕೊಂಡು ನೆಲ್ಲೂರಿನ ಬಳಿ ಸಮುದ್ರವನ್ನು ಕಾಣುತ್ತದೆ. ಶಿರಾ ತಾಲ್ಲೂಕಿನ ಬಹುಭಾಗದ ಮಳೆನೀರು ಹೋಗುವುದು ಬೇರೆ ದಿಕ್ಕಿಗೆ: ಹಿರಿಯೂರು ಸೀಮೆಯಲ್ಲಿ ವೇದಾವತಿಗೆ, ಅಲ್ಲಿಂದ ತುಂಗಭದ್ರೆಗೆ, ಕೃಷ್ಣೆಗೆ. ಇವು ಸಾವಿರಾರು ವರ್ಷ ಒಂದಕ್ಕೊಂದು ಬೆರೆಯದ ಜಲಾನಯನಗಳು. ಕಾವೇರಿಯ ಮೀನು ಪಿನಾಕಿನಿಯನ್ನು ಕಾಣಬೇಕಾದರೆ ಸಮುದ್ರಕ್ಕೆ ಹೋಗಿ ಬರಬೇಕಿತ್ತು. ಸಿಹಿನೀರಿನ ಮೀನಿಗೆ ಅದು ಆಗದ ಕೆಲಸ.

ಈಗ ಏನಾಗಿದೆ? ಗೊರೂರಿನ ಅಣೆಕಟ್ಟಿನಿಂದ ಹೊರಟ ಹೇಮಾವತಿ, ಅಂದರೆ ಕಾವೇರಿಯ ನೀರು, ಕಳ್ಳಂಬೆಳ್ಳ ಕೆರೆಗೂ ಶಿರಾದ ದೊಡ್ಡ ಕೆರೆಗೂ ಬರುತ್ತಿದೆ. 2020ರ ಕೊನೆಯಲ್ಲಿ ಮದಲೂರು ಕೆರೆಗೆ ಬಂತು. ಆ ವರ್ಷದ ಉಪಚುನಾವಣೆಯ ಗದ್ದಲವನ್ನು ಯಾರೂ ಮರೆತಿರಲಾರರು. ಮಧುಗಿರಿ ಪಟ್ಟಣಕ್ಕೆ ನೀರುಣಿಸುವ ಸಿದ್ದಾಪುರ ಕೆರೆಗೂ ಹೇಮಾವತಿಯೇ ಆಸರೆ. ತುಂಗೆಯ ನೀರನ್ನು ಭದ್ರೆಗೂ, ಭದ್ರೆಯ ನೀರನ್ನು ಅಜ್ಜಂಪುರದ ಸುರಂಗದ ಮೂಲಕ ವಾಣಿವಿಲಾಸ ಸಾಗರದ ಕಡೆಗೂ ತರುವ ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಶಿರಾ, ಪಾವಗಡಗಳ ಪಾಲೂ ಇದೆ. ಸಕಲೇಶಪುರದ ಘಟ್ಟದಲ್ಲಿ ನೇತ್ರಾವತಿಗೆ ಸೇರಬೇಕಾದ ಹಳ್ಳಗಳನ್ನು ಎತ್ತಿ ಪೂರ್ವಕ್ಕೆ ತಿರುಗಿಸುವ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಗೌರಿ ಗಣೇಶ ಹಬ್ಬದ ದಿನ ಚಾಲನೆ ದೊರೆಯಿತು. ಕಾಲುವೆ ಮುಂದೆ ಪೂರ್ಣಗೊಂಡಿರದ ಕಾರಣ ಆ ನೀರನ್ನು ತಾತ್ಕಾಲಿಕವಾಗಿ ವೇದಾವತಿ ಕಣಿವೆಗೆ ಬಿಟ್ಟು ವಾಣಿವಿಲಾಸದತ್ತ ಹರಿಸಿದರು. ಅರಬ್ಬೀ ಸಮುದ್ರಕ್ಕೆ ಹೋಗಬೇಕಿದ್ದ ನೀರು ಬಂಗಾಳ ಕೊಲ್ಲಿಯ ದಾರಿ ಹಿಡಿದ ದಿನ ಅದು. 1933ರ ನಂತರ 2022ರಲ್ಲಿ ಕೋಡಿ ಹರಿದು ನಮ್ಮೆಲ್ಲರನ್ನೂ ಹಿರಿಯೂರಿಗೆ ಓಡಿಸಿದ ಆ ಜಲಾಶಯದಲ್ಲಿ ಇಂದು ಒಂದಲ್ಲ ಮೂರು ನದಿಗಳ ನೀರು ಬೆರೆತಿದೆ.

ಯಾರೂ ತಪ್ಪು ತಿಳಿಯಬಾರದು. ನೀರು ಬೇಡವೆಂದು ನಾನು ಬರೆಯುತ್ತಿಲ್ಲ. ಫ್ಲೋರೈಡ್ ನೀರು ಕುಡಿದು ಹಲ್ಲು ಮೂಳೆ ಕೆಡಿಸಿಕೊಂಡ ಪಾವಗಡದ ಹಳ್ಳಿಗಳಿಗೆ 2025ರಲ್ಲಿ ತುಂಗಭದ್ರೆಯ ಹಿನ್ನೀರು ಬಂದದ್ದನ್ನು ಕಂಡು ಸಂತೋಷಪಡದವನು ಈ ಸೀಮೆಯವನೇ ಅಲ್ಲ. ಅಲ್ಲದೆ ಆ ಯೋಜನೆಯ ನೀರು ಶುದ್ಧೀಕರಣ ಘಟಕವನ್ನು ಹಾದು ನಲ್ಲಿಗೆ ಬರುತ್ತದೆ. ಅದರಲ್ಲಿ ಮೀನಾಗಲಿ ಕಳೆಯ ಬೀಜವಾಗಲಿ ದಾಟಿಬರುವ ಭಯ ಬಹಳ ಕಡಿಮೆ. ಭಯವಿರುವುದು ಶುದ್ಧೀಕರಿಸದ ನೀರನ್ನು ತೆರೆದ ಕಾಲುವೆಯಲ್ಲಿ ತಂದು ಕೆರೆ ತುಂಬಿಸುವ ಕಡೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಇನ್ನು ಬರುವವರು ಯಾರು? ಮೊದಲನೆಯದು ಎಲ್ಲರೂ ಕಂಡಿರುವ ಅಂತರಗಂಗೆ. ದಕ್ಷಿಣ ಅಮೆರಿಕದ ಈ ಗಿಡವನ್ನು ಅದರ ನೇರಳೆ ಹೂವಿನ ಚೆಲುವಿಗೆ ಮರುಳಾಗಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂಗಾಳಕ್ಕೆ ತಂದರು. ಅನುಕೂಲವಾದ ನೀರಿನಲ್ಲಿ ಸುಮಾರು ಎರಡು ವಾರಕ್ಕೊಮ್ಮೆ ಅದು ಇಮ್ಮಡಿಯಾಗುತ್ತದೆ. ತೆರೆದ ನೀರಿನಿಂದ ಆವಿಯಾಗುವುದಕ್ಕಿಂತ ಹೆಚ್ಚು ನೀರನ್ನು ಅದರ ಎಲೆಗಳು ಹಾರಿಸಿಬಿಡುತ್ತವೆ. ನೂರಾರು ಕಿಲೋಮೀಟರು ದೂರದಿಂದ ಸಾವಿರಾರು ಕೋಟಿ ವ್ಯಯಿಸಿ ತಂದ ನೀರನ್ನು ಒಂದು ಕಳೆಗೆ ಕುಡಿಸಿ ಗಾಳಿಗೆ ಬಿಡುವುದೆಂದರೆ ಯಾವ ವ್ಯಾಪಾರಿಯೂ ಒಪ್ಪುವ ಲೆಕ್ಕವಲ್ಲ. ಅದರ ಬೀಜ ಕೆಸರಿನಲ್ಲಿ ಹದಿನೈದು ಇಪ್ಪತ್ತು ವರ್ಷ ಜೀವ ಹಿಡಿದುಕೊಂಡಿರಬಲ್ಲದು. ಬರಗಾಲದಲ್ಲಿ ಕೆರೆ ಒಣಗಿತು, ಕಳೆ ಸತ್ತಿತು ಎಂದು ನಿಟ್ಟುಸಿರು ಬಿಟ್ಟವರು ನೀರು ಬಂದ ವರ್ಷ ಮತ್ತೆ ಹಸಿರು ಚಾಪೆಯನ್ನು ಕಾಣುತ್ತಾರೆ.

ಎರಡನೆಯದು ಜಿಲೇಬಿ ಮೀನು. ಆಫ್ರಿಕ ಮೂಲದ ಈ ತಿಲಾಪಿಯಾ 1952ರಲ್ಲಿ ಭಾರತಕ್ಕೆ ಬಂತು. ತಾಯಿ ಮೀನು ಮೊಟ್ಟೆಗಳನ್ನೂ ಮರಿಗಳನ್ನೂ ಬಾಯೊಳಗೇ ಇಟ್ಟುಕೊಂಡು ಕಾಪಾಡುವುದರಿಂದ ಒಂದೇ ಒಂದು ತಾಯಿ ಕಾಲುವೆಯಲ್ಲಿ ತೇಲಿ ಬಂದರೂ ಕೆರೆಯಲ್ಲಿ ಸಂಸಾರ ಆರಂಭವಾಯಿತೆಂದೇ ತಿಳಿಯಬೇಕು. ಅಗ್ಗದ ಮೀನು, ಬಡವರ ತಟ್ಟೆಗೆ ಬರುತ್ತದೆ ಎಂಬ ವಾದವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಶಿರಾದಲ್ಲಿ ನನಗೆ ಪರಿಚಯವಿರುವ ಮೀನು ವ್ಯಾಪಾರಿಯೊಬ್ಬರ ಮಾತು ಬೇರೆ. ಕೆರೆಯ ಗುತ್ತಿಗೆ ಹಿಡಿದು ಕಾಟ್ಲಾ, ರೋಹು ಮರಿಗಳನ್ನು ಹಣ ಕೊಟ್ಟು ತಂದು ಬಿಡುತ್ತಾರೆ. ಬಲೆ ಎಳೆದಾಗ ಅಂಗೈಯಗಲದ ಜಿಲೇಬಿಯೇ ತುಂಬಿರುತ್ತದೆ. ತೂಕವೇನೋ ಬರುತ್ತದೆ, ದರ ಬರುವುದಿಲ್ಲ. ಬೀಜದ ಹಣ ಕಾಟ್ಲಾಗೆ ಕೊಟ್ಟದ್ದು, ಮೇವು ತಿಂದದ್ದು ಜಿಲೇಬಿ. ಈಗ ಅದನ್ನು ನಿರ್ಮೂಲ ಮಾಡುವ ಮಾತು ವ್ಯರ್ಥ. ಇನ್ನೂ ಹೋಗದ ಕೆರೆಗೆ ಹೋಗದಂತೆ ನೋಡಿಕೊಳ್ಳುವುದಷ್ಟೇ ಉಳಿದಿರುವ ದಾರಿ.

ಮೂರನೆಯದು ಆಫ್ರಿಕನ್ ಕ್ಯಾಟ್‌ಫಿಶ್. ಈ ವಿಷಯದಲ್ಲಿ ನಮ್ಮವರ ಮುಖ ನೋಡಿ ಮಾತನಾಡುವ ಹಾಗಿಲ್ಲ. 1990ರ ದಶಕದಲ್ಲಿ ಸರ್ಕಾರದ ಅನುಮತಿಯಿಲ್ಲದೆ ಬಾಂಗ್ಲಾದೇಶದ ಕಡೆಯಿಂದ ಒಳಬಂದ ಮೀನು ಇದು. 1997ರಲ್ಲಿ ಕೇಂದ್ರ ಕೃಷಿ ಸಚಿವಾಲಯ ಇದರ ದಾಸ್ತಾನನ್ನು ನಾಶಪಡಿಸಲು ರಾಜ್ಯಗಳಿಗೆ ಸೂಚಿಸಿತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ಇದರ ಸಾಕಣೆಯ ವಿರುದ್ಧ ಆದೇಶ ನೀಡಿತು. ಆದರೂ ಊರಾಚೆಯ ತೋಟಗಳ ಮರೆಯಲ್ಲಿ, ಕೋಳಿ ಅಂಗಡಿಯ ತ್ಯಾಜ್ಯ ಸುರಿದ ಹೊಂಡಗಳಲ್ಲಿ ಇದನ್ನು ಸಾಕುವವರಿದ್ದಾರೆ. ಆ ಜಮೀನನ್ನು ಬಾಡಿಗೆಗೆ ಕೊಟ್ಟವರು, ಆ ತ್ಯಾಜ್ಯವನ್ನು ಮಾರಿದವರು, ಆ ಮೀನನ್ನು ಬೇರೆ ಹೆಸರಿನಲ್ಲಿ ಸಾಗಿಸಿದವರು ಯಾರು? ವರ್ತಕರೇ ತಾನೆ! ಗಾಳಿಯನ್ನು ನೇರವಾಗಿ ಉಸಿರಾಡಬಲ್ಲ, ಒದ್ದೆ ನೆಲದ ಮೇಲೆ ತೆವಳಿ ದಾಟಬಲ್ಲ, ಸಿಕ್ಕಿದ್ದನ್ನೆಲ್ಲ ನುಂಗಬಲ್ಲ ಈ ಮೀನಿಗೆ ಒಂದು ಮುಂಗಾರಿನ ಜಡಿಮಳೆ ಸಾಕು. ಹೊಂಡದ ಬದು ಒಡೆದು ಹಳ್ಳಕ್ಕೆ ಬಿದ್ದರೆ ಹಳ್ಳದಿಂದ ಕಾಲುವೆ, ಕಾಲುವೆಯಿಂದ ಕೆರೆ. ನಮ್ಮ ಕೆರೆಗಳ ಪಕ್ಕೆ ಮೀನು, ಕೊರವ ಮೀನುಗಳಿಗೆ ಅದರ ಮುಂದೆ ನಿಲ್ಲುವ ಶಕ್ತಿಯಿಲ್ಲ. ಎತ್ತಿನಹೊಳೆಯ ಘಟ್ಟದ ಹಳ್ಳಗಳಲ್ಲಿ ನೀರು ತಂಪಾಗಿ ರಭಸವಾಗಿ ಹರಿಯುತ್ತದೆ, ಅಲ್ಲಿಂದ ಕೇಡು ಬರುವುದಕ್ಕಿಂತ ಹಾಸನದಿಂದ ಕೊರಟಗೆರೆಯವರೆಗೆ ಕಾಲುವೆಯ ಎರಡೂ ಬದಿಯಲ್ಲಿರುವ ಇಂತಹ ಹೊಂಡಗಳಿಂದ ಬರುವ ಸಂಭವವೇ ಹೆಚ್ಚೆಂದು ನನ್ನ ಅಭಿಪ್ರಾಯ.

ನಾಲ್ಕನೆಯದರ ವಿಷಯದಲ್ಲಿ ನನ್ನದೇ ತಪ್ಪೊಪ್ಪಿಗೆಯಿದೆ. ಕೆಲವು ವರ್ಷಗಳ ಹಿಂದೆ ಮೊಮ್ಮಗನ ಹಟಕ್ಕೆ ಮನೆಯಲ್ಲಿ ಗಾಜಿನ ತೊಟ್ಟಿ ಇಟ್ಟೆವು. ಬಣ್ಣದ ಮೀನುಗಳ ಜೊತೆಗೆ, ಗಾಜಿಗೆ ಬಾಯಿಯನ್ನು ಅಂಟಿಸಿಕೊಂಡು ಪಾಚಿ ತಿನ್ನುವ ಕಪ್ಪು ಮೀನೊಂದನ್ನು ಅಂಗಡಿಯವನು ಕೊಟ್ಟ. ತೊಟ್ಟಿ ತೊಳೆಯುವ ಶ್ರಮ ತಪ್ಪುತ್ತದೆಂದು ಹೇಳಿದ. ಬಣ್ಣದ ಮೀನುಗಳು ಒಂದೊಂದಾಗಿ ಸತ್ತವು. ಇದು ಮಾತ್ರ ಗೇಣುದ್ದ ಬೆಳೆದು ತೊಟ್ಟಿಯಲ್ಲಿ ತಿರುಗಲು ಜಾಗವಿಲ್ಲದ ಹಾಗಾಯಿತು. ಸಾಯಿಸಲು ಮನಸ್ಸು ಬಾರದು. ಜೀವ ಉಳಿಸಿದ ಪುಣ್ಯ ಬರಲೆಂದು ಮನೆಯವಳೂ ನಾನೂ ಒಂದು ಸೋಮವಾರ ಊರ ಕೆರೆಗೆ ಕೊಂಡೊಯ್ದು ಅರಿಶಿನ ಕುಂಕುಮ ಹಾಕಿ ಬಿಟ್ಟು ಬಂದೆವು. ದಕ್ಷಿಣ ಅಮೆರಿಕದ ಈ ಸಕ್ಕರ್ ಮೀನು ಕೇರಳ, ತಮಿಳುನಾಡು, ಆಂಧ್ರಗಳ ನೀರಿನಲ್ಲಿ ಹರಡಿ ಬೆಸ್ತರ ಬಲೆಗಳನ್ನು ಹರಿಯುತ್ತಿದೆ, ಮೈತುಂಬ ಮುಳ್ಳಿನ ಚಿಪ್ಪಿರುವುದರಿಂದ ಕೊಳ್ಳುವವರೂ ಇಲ್ಲ, ದಂಡೆಯಲ್ಲಿ ಬಿಲ ತೋಡಿ ಏರಿಯ ಮಣ್ಣನ್ನು ಸಡಿಲಿಸುತ್ತದೆ ಎಂಬುದನ್ನೆಲ್ಲ ಆಮೇಲೆ ಓದಿದೆ. ಒಂದೇ ಮೀನು ಸಂತತಿ ಬೆಳೆಸಲಾರದೆಂದು ಸಮಾಧಾನ ಮಾಡಿಕೊಳ್ಳುತ್ತೇನೆ. ಆದರೆ ನನ್ನ ಹಾಗೆ ಇನ್ನೆಷ್ಟು ಮನೆಯವರು ಅದೇ ಕೆರೆಗೆ ಪುಣ್ಯ ಮಾಡಲು ಹೋಗಿದ್ದರೋ!

ಅನ್ಯದೇಶದ್ದೆಂದರೆ ಹೊರರಾಷ್ಟ್ರದ್ದೇ ಆಗಬೇಕೆಂದಿಲ್ಲ, ನೆರೆಯ ನದಿಯದೂ ಅನ್ಯವೇ. ಕಾವೇರಿಗೇ ಮೀಸಲಾದ ದೊಡ್ಡ ಗೂನುಬೆನ್ನಿನ ಮಹಶೀರ್ ಮೀನು ಇಂದು ಅಳಿವಿನಂಚಿಗೆ ಬಂದಿರುವುದಕ್ಕೆ ಬೇರೆ ನದಿಯ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಸದುದ್ದೇಶದಿಂದಲೇ ತಂದು ಬಿಟ್ಟದ್ದು ಒಂದು ಕಾರಣವೆಂದು ತಜ್ಞರು ಹೇಳುತ್ತಾರೆ.

ಇನ್ನೂ ಬಾರದವರ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಅತ್ಯಂತ ದುಬಾರಿಯಾಗಬಲ್ಲವರು ಅವರೇ. ಸರಕಿಲ್ಲದೆ ಬರುವ ಹಡಗು ಸಮತೋಲಕ್ಕಾಗಿ ತನ್ನ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಬರುತ್ತದೆ, ಸರಕು ಹೇರುವಾಗ ಆ ನೀರನ್ನು ಬಂದರಿನಲ್ಲಿ ಚೆಲ್ಲುತ್ತದೆ. ಕುದುರೆಮುಖದ ಅದಿರು ಪಣಂಬೂರಿನಿಂದ ಹೊರಡುತ್ತಿದ್ದ ಕಾಲದಲ್ಲಿ ಎಷ್ಟು ದೇಶದ ನೀರು ನಮ್ಮ ಕರಾವಳಿಗೆ ಬಿದ್ದಿತೋ ಲೆಕ್ಕವಿಟ್ಟವರು ಯಾರು? ಅಮೆರಿಕದ ಉಷ್ಣವಲಯದ ಕಪ್ಪು ಚಿಪ್ಪಿಯೊಂದು 1967ರಲ್ಲಿಯೇ ವಿಶಾಖಪಟ್ಟಣದ ಬಂದರಿನಲ್ಲಿ ಕಂಡಿತ್ತು. ದಕ್ಷಿಣ ಅಮೆರಿಕದ ಇನ್ನೊಂದು ಚಿಪ್ಪಿ ಈಚಿನ ವರ್ಷಗಳಲ್ಲಿ ಕೇರಳದ ಅಷ್ಟಮುಡಿ ಸರೋವರವನ್ನು ಆಕ್ರಮಿಸಿ ಅಲ್ಲಿಯವರ ಚಿಪ್ಪು ಸಂಗ್ರಹದ ಕಸುಬಿಗೆ ಕುತ್ತು ತಂದಿದೆ. ಹಡಗಿನ ಈ ನೀರನ್ನು ಶುದ್ಧೀಕರಿಸಬೇಕೆಂಬ ಅಂತರರಾಷ್ಟ್ರೀಯ ಒಪ್ಪಂದ 2004ರಲ್ಲಿ ಸಿದ್ಧವಾದರೂ ಜಾರಿಗೆ ಬಂದದ್ದು 2017ರ ಸೆಪ್ಟೆಂಬರಿನಲ್ಲಿ. ಉಪ್ಪುನೀರಿನ ಚಿಪ್ಪಿ ಶಿರಾಕ್ಕೆ ಬರಲಾರದು, ನಿಜ. ಆದರೆ ಸಿಹಿನೀರಿನಲ್ಲಿಯೇ ಬದುಕುವ, ಚೀನಾ ಮೂಲದ ಹೊಂಬಣ್ಣದ ಚಿಪ್ಪಿಯೊಂದಿದೆ. ಅದು ಹಡಗಿನ ನೀರಿನಲ್ಲಿ 1991ರಲ್ಲಿ ಅರ್ಜೆಂಟೀನಾ ತೀರಕ್ಕೆ ಇಳಿದು ನದಿಗಳನ್ನು ಏರುತ್ತ ಇಟೈಪು ಜಲವಿದ್ಯುತ್ ಕೇಂದ್ರದವರೆಗೂ ಹೋಯಿತು. ಚೀನಾ 2014ರಲ್ಲಿ ತೆರೆದ ದಕ್ಷಿಣದಿಂದ ಉತ್ತರಕ್ಕೆ ನೀರೊಯ್ಯುವ ಬೃಹತ್ ಕಾಲುವೆಯಲ್ಲಿ ಅದೇ ಚಿಪ್ಪಿ ಗೋಡೆಗಳಿಗೂ ಕೊಳವೆಗಳಿಗೂ ಮೆತ್ತಿಕೊಂಡಿದೆ. 2024ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯದ ಸ್ಟಾಕ್‌ಟನ್ ಬಂದರಿನಲ್ಲಿ ಸಿಕ್ಕಿದೆ. ಅಲ್ಲಿಂದ ಅರ್ಧ ರಾಜ್ಯಕ್ಕೆ ಕಾಲುವೆಗಳಲ್ಲಿ ನೀರು ಹೋಗುತ್ತದೆ. ಅಂಗುಲದಷ್ಟಿರುವ ಈ ಚಿಪ್ಪಿ ಒಂದರ ಮೇಲೊಂದು ಕೂತು ಪಂಪಿನ ಬಾಯಿ, ಕೊಳವೆಯ ಒಳಮೈ, ಜರಡಿ ಎಲ್ಲವನ್ನೂ ಮುಚ್ಚುತ್ತದೆ. ಏತ ನೀರಾವರಿಯ ಪಂಪುಗಳನ್ನೂ ಹನಿ ನೀರಾವರಿಯ ಜರಡಿಗಳನ್ನೂ ನಂಬಿರುವ ನಮ್ಮ ಸೀಮೆಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದು ಅತಿಯಾದ ಭಯವೆಂದು ಭಾವಿಸುವವರು ತಮ್ಮ ಊರಿನ ಕೆರೆಯಂಗಳಕ್ಕೆ ಹೋಗಿ ನೋಡಬೇಕು. ಅಲ್ಲಿ ನಿಂತಿರುವ ಬಳ್ಳಾರಿ ಜಾಲಿ ಬಳ್ಳಾರಿಯದಲ್ಲ, ಅಮೆರಿಕ ಖಂಡದ್ದು. 1877ರಲ್ಲಿ ಜಮೈಕಾದಿಂದ ಬೀಜ ತರಿಸಿ, ನಮ್ಮ ನೆರೆಯ ಕಡಪಾ ಜಿಲ್ಲೆಯಲ್ಲಿ ಸೌದೆಗೆ ಅನುಕೂಲವೆಂದು ಬಿತ್ತಿದರು. ತಂದವರ ಉದ್ದೇಶ ಒಳ್ಳೆಯದೇ ಇತ್ತು. ಇಂದು ಪಾವಗಡ, ಮಧುಗಿರಿ, ಶಿರಾಗಳಲ್ಲಿ ಕೆರೆಯಂಗಳವನ್ನೂ ರಾಜಕಾಲುವೆಯನ್ನೂ ಗೋಮಾಳವನ್ನೂ ಅದು ನುಂಗಿದೆ. ಅದರ ಇದ್ದಿಲು ಸುಟ್ಟು ಬದುಕುವವರಿದ್ದಾರೆ, ಇಟ್ಟಿಗೆ ಗೂಡಿಗೆ ಅದೇ ಸೌದೆ. ಆದರೆ ಒಂದು ಕೆರೆಯ ಹೂಳೆತ್ತುವ ಗುತ್ತಿಗೆಯಲ್ಲಿ ಜಾಲಿಯ ಬೇರು ಕೀಳುವುದಕ್ಕೆ ಎಷ್ಟು ತಗಲುತ್ತದೆಂದು ಗುತ್ತಿಗೆದಾರರಾದ ನಮ್ಮ ಸದಸ್ಯರನ್ನು ಕೇಳಿ. ನೆಲದ ಮೇಲೆ ನಿಂತು ಕಣ್ಣಿಗೆ ಕಾಣುವ ಮರವನ್ನೇ ಒಂದೂವರೆ ಶತಮಾನದಿಂದ ಹಿಡಿದು ನಿಲ್ಲಿಸಲಾಗಲಿಲ್ಲ. ನೀರಿನೊಳಗೆ ಕಾಣದೆ ಬೆಳೆಯುವುದನ್ನು ತಡವಾಗಿ ನಿಲ್ಲಿಸುತ್ತೇವೆಂಬ ಭರವಸೆ ನನಗಿಲ್ಲ.

ಅನ್ಯ ಜೀವಿಗಳಿಂದ ಜಗತ್ತಿಗೆ ಆಗುವ ನಷ್ಟ 2019ರಲ್ಲಿಯೇ ವರ್ಷಕ್ಕೆ 42,300 ಕೋಟಿ ಡಾಲರ್ ಮೀರಿತ್ತೆಂದು 2023ರಲ್ಲಿ ಜೀವವೈವಿಧ್ಯದ ಅಂತರ ಸರ್ಕಾರಿ ವೇದಿಕೆ ವರದಿ ಮಾಡಿತು. ನಮ್ಮಲ್ಲಿ ಕಾನೂನಿನ ಕೊರತೆಯೂ ಈಗಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ತಂದ ತಿದ್ದುಪಡಿ ಇಂತಹ ಜೀವಿಗಳ ಆಮದು, ಸಾಕಣೆ, ಹರಡುವಿಕೆಯನ್ನು ನಿಯಂತ್ರಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಕೊರತೆಯಿರುವುದು ಯೋಜನೆ ರೂಪಿಸುವ ಹಂತದಲ್ಲಿ. 23,000 ಕೋಟಿ ರೂಪಾಯಿಗೂ ಮೀರಿದ ಎತ್ತಿನಹೊಳೆ ಯೋಜನೆ ಕುಡಿಯುವ ನೀರಿನದೆಂಬ ಕಾರಣದಿಂದ ಪರಿಸರ ಅನುಮತಿಯ ಪ್ರಕ್ರಿಯೆಯ ಹೊರಗೇ ಉಳಿಯಿತು. ಕುಡಿಯುವ ನೀರಿಗೆ ವಿನಾಯಿತಿ ಇರಲಿ, ಅದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಯಾವ ಜೀವಿ ಯಾವ ಕೆರೆಗೆ ಹೋದೀತೆಂದು ಕೇಳಬೇಕಾದ ಒಂದೇ ಕಿಟಕಿಯೂ ಅದರೊಂದಿಗೆ ಮುಚ್ಚಿಹೋಯಿತು. ಹೇಮಾವತಿ ಲಿಂಕ್ ಕಾಲುವೆಯ ವಿಷಯದಲ್ಲಿ ಗುಬ್ಬಿಯಲ್ಲಿ ನಡೆದ ಹೋರಾಟದಲ್ಲಿಯೂ ಬೈರಗೊಂಡ್ಲು ಜಲಾಶಯದ ಜಮೀನಿನ ವಿವಾದದಲ್ಲಿಯೂ ಕ್ಯೂಸೆಕ್ಸ್ ಬಗ್ಗೆ, ಪರಿಹಾರದ ಬಗ್ಗೆ ಸಾಕಷ್ಟು ಮಾತಾಯಿತು. ಎರಡೂ ನ್ಯಾಯವಾದ ಮಾತುಗಳೇ.

ಮಾಡಬೇಕಾದ ಕೆಲಸ ಆಕಾಶಕ್ಕೆ ಏಣಿ ಹಾಕುವಂಥದ್ದಲ್ಲ. ಕಾಲುವೆಯಿಂದ ಕೆರೆಗೆ ನೀರು ಇಳಿಯುವ ತೂಬಿನಲ್ಲಿ ಎರಡು ಹಂತದ ಜಾಲರಿ, ಅದರ ಹಿಂದೆ ನೀರು ಕ್ಷಣಕಾಲ ನಿಂತು ಸಾಗುವ ಒಂದು ತೊಟ್ಟಿ. ಜಾಲರಿ ಮೊಟ್ಟೆಯನ್ನು ತಡೆಯಲಾರದು, ಆದರೆ ಬೆಳೆದ ಮೀನನ್ನೂ ಅಂತರಗಂಗೆಯ ಗಡ್ಡೆಯನ್ನೂ ತಡೆಯುತ್ತದೆ. ತೂಬಿನ ಬಳಿ ಕಸ ತೆಗೆಯಲು ಒಬ್ಬ ಮನುಷ್ಯ ಬೇಕು. ಹಿಂದೆ ಪ್ರತಿ ಕೆರೆಗೂ ಒಬ್ಬ ನೀರುಗಂಟಿ ಇದ್ದ. ಆ ಹುದ್ದೆಯನ್ನು ಹೊಸ ಹೆಸರಿನಲ್ಲಾದರೂ ಮರಳಿ ತಂದರೆ ಅಂತರಗಂಗೆಯ ಮೊದಲ ಎಲೆ ಕಂಡ ದಿನವೇ ಕೈಯಿಂದ ಕಿತ್ತು ಹಾಕಬಹುದು. ಕೆರೆ ತುಂಬ ಹರಡಿದ ಮೇಲೆ ಯಂತ್ರ ತರಿಸುವುದಕ್ಕೂ ಮೊದಲ ದಿನ ಕೂಲಿಯವನೊಬ್ಬ ಕೀಳುವುದಕ್ಕೂ ಇರುವ ವ್ಯತ್ಯಾಸವನ್ನು ವರ್ತಕರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಂಗಳೂರಿನ ಕೆರೆಗಳಲ್ಲಿ 1983ರ ಸುಮಾರಿಗೆ ಅಂತರಗಂಗೆಯನ್ನು ತಿನ್ನುವ ಸಣ್ಣ ಮೂತಿಹುಳುಗಳನ್ನು ಬಿಟ್ಟು ಒಳ್ಳೆಯ ಫಲ ಕಂಡಿದ್ದರು. ಆ ವಿದ್ಯೆ ನಮ್ಮ ರಾಜ್ಯದಲ್ಲಿಯೇ ಇದೆ. ಆದರೆ ಹುಳು ಕೆಲಸ ಮಾಡಲು ವರ್ಷಗಳು ಬೇಕು. ಮೊದಲ ಎಲೆಯ ದಿನಕ್ಕೆ ಅದು ಬದಲಿಯಲ್ಲ. ಕಾಲುವೆಯನ್ನು ಹಂಗಾಮು ಮುಗಿದಾಗ ಪೂರ್ತಿ ಒಣಗಿಸಿ, ಗುಂಡಿಗಳಲ್ಲಿ ನಿಂತ ಮೀನನ್ನು ಹಿಡಿದು ತೆಗೆಯುವ ಪದ್ಧತಿಯನ್ನು ಗುತ್ತಿಗೆಯ ಷರತ್ತಿನಲ್ಲಿಯೇ ಸೇರಿಸಬೇಕು. ಕೆರೆಯ ಮೀನು ಹಿಡಿಯುವ ಹಕ್ಕು ಪಡೆದವರಿಗೆ ಕಳೆ ತೆಗೆಯುವ ಹೊಣೆಯನ್ನೂ ಅದೇ ಕಾಗದದಲ್ಲಿ ಬರೆದು ಕೊಡಬೇಕು, ಅದಕ್ಕೆ ತಕ್ಕಂತೆ ಗುತ್ತಿಗೆಯ ಮೊತ್ತವನ್ನು ಇಳಿಸಬೇಕು. ಹೊಣೆ ಮಾತ್ರ ಹೊರಿಸಿ ಮೊತ್ತ ಇಳಿಸದಿದ್ದರೆ ಸಂಘದ ಬೆಸ್ತರು ಸಹಿ ಹಾಕುತ್ತಾರೆ, ಕೆಲಸ ಮಾಡುವುದಿಲ್ಲ. ಅವರನ್ನು ದೂರುವಂತೆಯೂ ಇಲ್ಲ.

ಮೀನುಮರಿಗಳ ವ್ಯಾಪಾರದಲ್ಲಿ ಶಿಸ್ತು ಬರಬೇಕಾದದ್ದು ನಮ್ಮಿಂದಲೇ. ಹೊರಜಿಲ್ಲೆಗಳಿಂದಲೂ ಆಂಧ್ರದಿಂದಲೂ ಪ್ಲಾಸ್ಟಿಕ್ ಚೀಲಗಳಲ್ಲಿ ಬರುವ ಮರಿಗಳಲ್ಲಿ ಏನು ಬೆರೆತಿದೆಯೆಂದು ಬೆರಳುದ್ದದ ಹಂತದಲ್ಲಿ ಗುರುತಿಸುವುದು ಸಾಮಾನ್ಯರಿಗೆ ಕಷ್ಟ. ಕೆರೆಗೆ ಬಿಡುವ ಮುನ್ನ ಒಂದೆರಡು ವಾರ ಸಣ್ಣ ಹೊಂಡದಲ್ಲಿ ಇಟ್ಟು ನೋಡುವ ವ್ಯವಸ್ಥೆಯನ್ನು ತಾಲ್ಲೂಕಿಗೊಂದರಂತೆ ಮಾಡಬಹುದು. ಅದರ ವೆಚ್ಚದಲ್ಲಿ ನಮ್ಮ ಸಂಸ್ಥೆಯೂ ಪಾಲು ಕೊಟ್ಟರೆ ಇಲಾಖೆಯ ಮುಂದೆ ನಮ್ಮ ಮಾತಿಗೆ ತೂಕ ಬರುತ್ತದೆ. ಅಲಂಕಾರದ ಮೀನು ಮಾರುವ ಸದಸ್ಯರು ಬೇಡವಾದ ಮೀನನ್ನು ಗಿರಾಕಿಯಿಂದ ಹಿಂದಕ್ಕೆ ಪಡೆಯುವ ಪದ್ಧತಿಯನ್ನು ಆರಂಭಿಸಲಿ. ಅಂಥದ್ದೊಂದು ಅಂಗಡಿ ಇದ್ದಿದ್ದರೆ ನಾನೂ ಆ ಸೋಮವಾರ ಕೆರೆಯ ಕಡೆಗೆ ಹೋಗುತ್ತಿರಲಿಲ್ಲ. ನಿಷೇಧಿತ ಕ್ಯಾಟ್‌ಫಿಶ್ ಹೊಂಡಕ್ಕೆ ಜಮೀನು, ತ್ಯಾಜ್ಯ, ವಾಹನ ಯಾವುದನ್ನೂ ಒದಗಿಸುವುದಿಲ್ಲವೆಂದು ಕೋಳಿ ವ್ಯಾಪಾರಿಗಳೂ ಸಾಗಣೆದಾರರೂ ನಮ್ಮ ಸಭೆಯಲ್ಲಿ ನಿರ್ಣಯ ಮಾಡಬೇಕೆಂಬುದು ನನ್ನ ಮನವಿ. ಕೆಲವರಿಗೆ ಇದು ಕಹಿಯಾಗಬಹುದೆಂದು ಬಲ್ಲೆ.

ಸಮಯವೂ ಈಗಲೇ ಇದೆ. ಭದ್ರಾ ಮೇಲ್ದಂಡೆಯ ತುಮಕೂರು ಶಾಖೆಯಲ್ಲಾಗಲಿ ಎತ್ತಿನಹೊಳೆಯ ಕೊರಟಗೆರೆ ಭಾಗದಲ್ಲಾಗಲಿ ತೂಬುಗಳೆಲ್ಲ ಇನ್ನೂ ಪೂರ್ಣಗೊಂಡಿಲ್ಲ. ಕಾಂಕ್ರೀಟ್ ಹಾಕುವಾಗ ಜಾಲರಿಗೆ ಜಾಗ ಬಿಡುವುದು ಸುಲಭ, ಹಾಕಿದ ಮೇಲೆ ಒಡೆದು ಕೂರಿಸುವುದು ಕಷ್ಟ. ಜಯಮಂಗಲಿಯ ನೀರು ತೀತಾ ಜಲಾಶಯವನ್ನು ದಾಟಿ ಮುಂದೆ ಆಂಧ್ರಕ್ಕೆ ಹೋಗುವುದರಿಂದ, ನಮ್ಮ ಕೆರೆಗೆ ಇಳಿದದ್ದು ನೆಲ್ಲೂರಿನ ಮೀನುಗಾರರವರೆಗೂ ಹೋಗುತ್ತದೆಂಬುದನ್ನು ಯೋಜನೆಯ ಎಂಜಿನಿಯರರ ಮುಂದೆ ನಕ್ಷೆ ಬಿಡಿಸಿಟ್ಟು ಹೇಳಬೇಕು. ನಾಲ್ಕು ತಾಲ್ಲೂಕುಗಳ ವರ್ತಕ ಪ್ರತಿನಿಧಿಗಳು, ಮೀನುಗಾರರ ಸಹಕಾರ ಸಂಘದವರು ಮತ್ತು ತೋಟಗಾರರು ಸೇರಿ ಜಿಲ್ಲಾಧಿಕಾರಿಗಳಿಗೂ ನೀರಾವರಿ ನಿಗಮಗಳಿಗೂ ಕೊಡಬೇಕಾದ ಮನವಿಯ ಕರಡನ್ನು ನಾನು ಸಿದ್ಧಪಡಿಸಿದ್ದೇನೆ. ಮುಂದಿನ ಮಾಸಿಕ ಸಭೆಯ ಕಾರ್ಯಸೂಚಿಯಲ್ಲಿ ಅದನ್ನು ಸೇರಿಸಬೇಕೆಂದು ಗೌರವ ಕಾರ್ಯದರ್ಶಿಗಳನ್ನು ಕೋರುತ್ತೇನೆ. ತಮ್ಮ ಊರಿನ ಕೆರೆಯಲ್ಲಿ ಸಕ್ಕರ್ ಮೀನನ್ನಾಗಲಿ ಆಫ್ರಿಕನ್ ಕ್ಯಾಟ್‌ಫಿಶ್ ಅನ್ನಾಗಲಿ ಕಂಡ ಸದಸ್ಯರು ಕೆರೆಯ ಹೆಸರು ಮತ್ತು ಕಂಡ ತಿಂಗಳನ್ನು ಬರೆದು ತಂದರೆ ಆ ಪಟ್ಟಿಯನ್ನು ಮನವಿಗೆ ಲಗತ್ತಿಸಬಹುದು.